ಬ್ಲಿಯಕ್ಕನ ಕಿಟಕಿಯಲ್ಲಿ ಇಬ್ಬರಾದ ಅಳಿಯ

ನಮ್ಮ ಕಾಲೇಜಿನಲ್ಲಿ ಯಾರಿಗೆ ಏನು ಗೊತ್ತಾಗದಿದ್ದರೂ ಕಚೇರಿಯ ಮೂರನೇ ಕಿಟಕಿಗೆ ಹೋಗುತ್ತಿದ್ದರು. ಗೊತ್ತಾಗದ್ದು ಪಾಠದ ವಿಷಯವೇ ಆಗಿರಬೇಕೆಂದಿರಲಿಲ್ಲ. ಕರೆಂಟ್ ಬಿಲ್ಲು, ಮಗುವಿನ ಚುಚ್ಚುಮದ್ದಿನ ಚೀಟಿ, ಕೋರ್ಟಿನಿಂದ ಬಂದ ಕಾಗದ, ಏನಾದರೂ ನಡೆಯುತ್ತಿತ್ತು. ಒಮ್ಮೆ ಒಬ್ಬ ಮುದುಕ ತನ್ನ ಹಲ್ಲಿನ ಸೆಟ್ಟನ್ನೇ ಕರವಸ್ತ್ರದಲ್ಲಿ ಸುತ್ತಿಕೊಂಡು ತಂದು, ಇದು ಕಚ್ಚುತ್ತದೆ ಎಂದು ದೂರು ಕೊಟ್ಟಿದ್ದ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುವ ಹಾಗೆ, ಸೇಂಟ್ ಪಾಲ್ ನಗರದ ಪೂರ್ವದ ಬೀದಿಗಳಿಗೆ ಹೊಸದಾಗಿ ಬಂದವರು ಸೊಮಾಲಿಯದವರಾಗಲಿ, ಬರ್ಮಾದವರಾಗಲಿ, ಯುದ್ಧಕ್ಕೆ ಹೆದರಿ ಬೆಟ್ಟ ಬಿಟ್ಟು ಬಂದ ನಮ್ಮ ಮೋಂಗ್ ಜನವೇ ಆಗಲಿ, ಒಂದಲ್ಲ ಒಂದು ದಿನ ಆ ಕಿಟಕಿಗೆ ಬರಲೇಬೇಕಿತ್ತು. ಕಿಟಕಿಯ ಹಿಂದೆ ಬ್ಲಿಯಕ್ಕ ಕೂತಿರುತ್ತಿದ್ದಳು.

ಬ್ಲಿಯಾ ವಾಂಗ್ ಅವಳ ಪೂರ್ತಿ ಹೆಸರು. ಹತ್ತೊಂಬತ್ತು ವರ್ಷ ಅದೇ ಕುರ್ಚಿ. ಹೀಟರ್ ಉರಿಯುತ್ತಿದ್ದರೂ ತಲೆಯ ಮೇಲಿನ ಉಣ್ಣೆಯ ಟೋಪಿ ತೆಗೆಯುತ್ತಿರಲಿಲ್ಲ. ಕನ್ನಡಕವನ್ನು ಶೂ ಲೇಸಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಮೇಲಿನ ಡ್ರಾಯರಿನಲ್ಲಿ ಅರ್ಜಿಗಳು, ಕೆಳಗಿನದರಲ್ಲಿ ಅಂಟಕ್ಕಿ ಅನ್ನದ ಡಬ್ಬಿ ಮತ್ತು ಮೆಣಸಿನಕಾಯಿ ಗೊಜ್ಜು. ಮಧ್ಯಾಹ್ನ ಆ ಡ್ರಾಯರು ತೆರೆದರೆ ನಾಲ್ಕನೇ ಕಿಟಕಿಯವರಿಗೆ ಸೀನು ಬರುತ್ತಿತ್ತು. ಅವಳು ಓದಿದ್ದು ಇದೇ ಕಾಲೇಜಿನ ಇಂಗ್ಲಿಷ್ ಮೂರನೇ ಹಂತದವರೆಗೆ ಮಾತ್ರ. ಆದರೆ ಅವಳ ಕೈಯಿಂದ ಭರ್ತಿಯಾದ ಅರ್ಜಿ ತಿರುಗಿ ಬಂದದ್ದನ್ನು ನಾನು ನೋಡಿರಲಿಲ್ಲ.

ಒಂದು ವಿಚಿತ್ರವಿತ್ತು. ಬೇರೆಯವರ ಅರ್ಜಿಯನ್ನು ಎರಡೇ ನಿಮಿಷದಲ್ಲಿ ತುಂಬುವವಳು ತಾನೇ ಸಹಿ ಹಾಕಬೇಕಾಗಿ ಬಂದರೆ ಪೆನ್ನು ಹುಡುಕುತ್ತಿದ್ದಳು. ಪೆನ್ನು ಸಿಕ್ಕರೆ ನೀರು ಕುಡಿಯಲು ಎದ್ದು ಹೋಗುತ್ತಿದ್ದಳು. ರಜೆ ಚೀಟಿಗೆ ಸಹಿ ಹಾಕಬೇಕಾಗುತ್ತದೆಂದು ಜ್ವರದಲ್ಲೂ ಕೆಲಸಕ್ಕೆ ಬಂದಿದ್ದಳು. ಇದು ಸೋಮಾರಿತನವೋ ಮೊಂಡುತನವೋ ನನಗೆ ತಿಳಿದಿರಲಿಲ್ಲ.

ನಾನು ಯೇರ್. ಅವಳ ಕಿಟಕಿಯ ಎದುರಿನ ಕೋಣೆಯಲ್ಲಿ ಹಿಂದುಳಿದ ವಿದ್ಯಾರ್ಥಿಗಳಿಗೆ ಲೆಕ್ಕ ಹೇಳಿಕೊಡುವವಳು. ಹುಟ್ಟಿದ್ದು ಇಲ್ಲಿಯೇ. ನಮ್ಮ ಭಾಷೆ ನನಗೆ ಮುಕ್ಕಾಲು ಬರುತ್ತದೆ, ನಮ್ಮ ಸಂಪ್ರದಾಯ ಕಾಲು ಭಾಗ. ಬ್ಲಿಯಕ್ಕ ದಿನಕ್ಕೊಮ್ಮೆಯಾದರೂ, "ನಿನ್ನನ್ನ ಹೆತ್ತೋಳು ಅನ್ನ ಇಕ್ಕಿದ್ಲು, ಬುದ್ಧಿ ಇಕ್ಕೋದು ಮರ್ತಳು," ಎನ್ನುತ್ತಿದ್ದಳು. ನಾನೂ ಸುಮ್ಮನಿರುವವಳಲ್ಲ.

ಮುಂದಿನ ಕಥೆಗೆ ಒಂದು ಹಳೆಯ ಜಗಳ ಗೊತ್ತಿರಬೇಕು. ಎಂಟು ವರ್ಷದ ಹಿಂದೆ ಟೂ ಲೋರ್ ಎಂಬ ಹೆಸರಿನ ಇಬ್ಬರು ದಾಯಾದಿಗಳು ಒಂದೇ ವರ್ಷ ಕಾಲೇಜು ಸೇರಿದರು. ಮನೆ ಒಂದೇ. ಹುಟ್ಟಿದ ದಿನವೂ ಜನವರಿ ಒಂದು. ಕಾಡಿನಲ್ಲಿ, ನಿರಾಶ್ರಿತರ ಕ್ಯಾಂಪಿನಲ್ಲಿ ಹುಟ್ಟಿದವರ ದಿನ ಯಾರು ಬರೆದಿಟ್ಟಿರುತ್ತಾರೆ? ಕ್ಯಾಂಪಿನ ಗುಮಾಸ್ತ ನಮ್ಮಲ್ಲಿ ಅರ್ಧ ಜನರನ್ನು ಜನವರಿ ಒಂದಕ್ಕೇ ಹುಟ್ಟಿಸಿಬಿಟ್ಟಿದ್ದ. ದಾಖಲೆ ವಿಭಾಗದವರು ಇದು ಒಬ್ಬನದೇ ಹೆಸರು, ಎರಡು ಸಲ ಬಂದಿದೆ ಎಂದುಕೊಂಡು ಇಬ್ಬರನ್ನೂ ಸೇರಿಸಿ ಒಬ್ಬನನ್ನಾಗಿ ಮಾಡಿದರು. ಜಾಣ ಟೂ ಪಾಸಾದದ್ದು, ದಡ್ಡ ಟೂ ಫೇಲಾದದ್ದು ಕಲಸಿಹೋಗಿ ಜಾಣನನ್ನು ಕಾಲೇಜಿನಿಂದ ಹೊರಗೆ ಹಾಕಿದರು. ಆಗ ಬ್ಲಿಯಕ್ಕ ದಾಖಲೆ ವಿಭಾಗಕ್ಕೆ ನುಗ್ಗಿ ಮೇಜು ಗುದ್ದಿದಳು. "ನಮ್ಮೋರ ಮುಖ ನಿಮಗೆಲ್ಲ ಒಂದೇ ಥರ ಕಾಣುತ್ತೆ, ಸರಿ. ಕಾಗದವೂ ಒಂದೇ ಥರ ಕಾಣುತ್ತಾ?" ಅಂದಳಂತೆ. ಅಂದಿನಿಂದ ಒಂದು ನಿಯಮ ಬಂತು. ಕೋರ್ಟಿನ ಕಾಗದವಿಲ್ಲದೆ ಯಾವ ಇಬ್ಬರು ವಿದ್ಯಾರ್ಥಿಗಳ ದಾಖಲೆಯನ್ನೂ ಒಂದು ಮಾಡುವಂತಿಲ್ಲ. ಎಲ್ಲರೂ ಅದನ್ನು ಬ್ಲಿಯಾ ನಿಯಮ ಎಂದೇ ಕರೆಯುತ್ತಿದ್ದರು. ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು.

ಈಗ ಫೆಂಗ್ ಮುವಾನ ವಿಷಯ. ಮೂವತ್ತೊಂದರ ಗಂಡಸು, ನಾಲ್ಕು ಮಕ್ಕಳ ತಂದೆ. ಟರ್ಕಿ ಕೋಳಿ ಕೊಯ್ಯುವ ಕಾರ್ಖಾನೆಯಲ್ಲಿ ಎಂಟು ವರ್ಷ ನಿಂತು ಅವನ ಬಲಗೈಯ ಎರಡು ಬೆರಳು ಮರಗಟ್ಟಿದ್ದವು. ಆ ಬೆರಳುಗಳಲ್ಲಿ ಪೆನ್ಸಿಲ್ ಹಿಡಿದು ಬಾಯ್ಲರ್ ಮತ್ತು ತಂಪುಯಂತ್ರಗಳ ಎರಡು ವರ್ಷದ ಡಿಪ್ಲೊಮಾ ಓದುತ್ತಿದ್ದ. ಊರಿನ ಒಂದು ಶಾಲೆಯವರು ಬಾಯ್ಲರ್ ನೋಡಿಕೊಳ್ಳುವ ಕೆಲಸ ಕೊಡುತ್ತೇವೆ, ಜೂನ್ ಒಂದಕ್ಕೆ ಡಿಪ್ಲೊಮಾ ತೋರಿಸು ಎಂದಿದ್ದರು. ತೋರಿಸದಿದ್ದರೆ ಮತ್ತೆ ಕೋಳಿ.

ಫೆಂಗ್‌ನ ಹೆಂಡತಿ ಬ್ಲಿಯಕ್ಕನ ಅಣ್ಣನ ಕೊನೆಯ ಮಗಳು. ಓದಿನ ಮೊದಲ ವರ್ಷ ಮುಗಿದ ಜುಲೈನಲ್ಲಿ ಅವನಿಗೆ ದೊಡ್ಡ ಹೆಸರು ಇಟ್ಟರು. ನಮ್ಮಲ್ಲಿ ಗಂಡಸಿಗೆ ಮದುವೆಯಾಗಿ, ಮಕ್ಕಳಾಗಿ, ಬುದ್ಧಿ ಬಲಿತಿದೆ ಎಂದು ಅತ್ತೆಮನೆಯವರಿಗೆ ಅನ್ನಿಸಿದಾಗ ಮಾವ ಒಂದು ಹೊಸ ಹೆಸರು ಕೊಡುತ್ತಾನೆ. ಹಂದಿ ಕಡಿದು, ಮಣಿಕಟ್ಟಿಗೆ ದಾರ ಕಟ್ಟಿ, ಹೆಂಡದ ಬಟ್ಟಲು ಸುತ್ತು ಹಾಕಿಸಿ, ಫೆಂಗ್ ಎಂಬ ಹುಡುಗು ಹೆಸರಿಗೆ ಮೊದಲು ಇನ್ನೊಂದು ತೂಕದ ಹೆಸರು ಸೇರಿಸಿ, ಇಂದಿನಿಂದ ಇವನು ಚೋಂಗ್ ಫೆಂಗ್ ಎಂದು ಕೂಗಿ ಹೇಳುತ್ತಾನೆ. ಆಮೇಲೆ ಅತ್ತೆಮನೆಯವರು ಯಾರೂ ಬರಿಯ ಫೆಂಗ್ ಎನ್ನುವಂತಿಲ್ಲ. ಅಂದರೆ ಕೊಟ್ಟವನಿಗೂ ಅವಮಾನ, ತೊಟ್ಟವನಿಗೂ ಅವಮಾನ. ನಮಗೆ ಹೆಂಗಸರಿಗೆ ಇಂಥದ್ದೇನೂ ಇಲ್ಲ, ಮುದುಕಿಯಾದರೂ ತೊಟ್ಟಿಲ ಹೆಸರೇ ಗತಿ. ಅದಿರಲಿ.

ಆಗಸ್ಟಿನಲ್ಲಿ ಅವನು ಎರಡನೇ ವರ್ಷದ ತರಗತಿಗಳಿಗೆ ಹೆಸರು ಹಚ್ಚಲು ಮೂರನೇ ಕಿಟಕಿಗೆ ಬಂದ. ಬ್ಲಿಯಕ್ಕ ಅವನ ಹಳೆಯ ದಾಖಲೆ ತೆರೆಯಬೇಕಿತ್ತು. ತೆರೆಯಲು ಫೆಂಗ್ ಎಂದು ಹೊಡೆಯಬೇಕಿತ್ತು. ಆ ದಿನ ಏನಾಯಿತೆಂದು ಆಮೇಲೆ ಕೇಳಿದಾಗ ಅವಳು ಹೇಳಿದ್ದು ಇಷ್ಟೆ:

"ಅಣ್ಣ ಕೊಟ್ಟ ಹೆಸರು ಕಣೇ. ಆ ಹಂದಿ ಊಟ ನಾನೂ ಉಂಡಿದೀನಿ. ಕೈ ತೊಳ್ಕೊಂಡು ತಿಂಗಳಾಗಿಲ್ಲ, ಮತ್ತೆ ಹುಡುಗು ಹೆಸರು ಹಿಡಿದು ಕರೀಲಾ? ಅದೂ ಅವನ ಮುಂದೆ ಕೂತ್ಕೊಂಡು?"

ಹಾಗಾಗಿ ಅವಳು ಹೊಸ ವಿದ್ಯಾರ್ಥಿಯ ಅರ್ಜಿ ತೆಗೆದು ಚೋಂಗ್ ಫೆಂಗ್ ಮುವಾ ಎಂದು ಬರೆದಳು. ಹುಟ್ಟಿದ ದಿನ ಜನವರಿ ಒಂದು. ಕಂಪ್ಯೂಟರ್ ಹೊಸ ಸಂಖ್ಯೆ ಕೊಟ್ಟಿತು. ಹೊಸಬನನ್ನು ಎರಡನೇ ವರ್ಷಕ್ಕೆ ಹೇಗೆ ಸೇರಿಸುವುದೆಂದು ಕಂಪ್ಯೂಟರ್ ತಕರಾರು ಮಾಡಿದಾಗ ಬಾಯ್ಲರ್ ಮೇಷ್ಟರಿಗೆ ಫೋನ್ ಮಾಡಿದಳು. ಅವರಿಗೆ ಮುಖದ ಪರಿಚಯ, ಹೆಸರಿನದ್ದಲ್ಲ. "ಆ ಎರಡು ಬೆರಳು ಮರಗಟ್ಟಿದವನು ತಾನೇ? ಸೇರಿಸಮ್ಮ," ಅಂದರು. ಬೇರೆ ಯಾವ ಗುಮಾಸ್ತನಾದರೂ ಹೆಸರು ಬದಲಾದ ಕಾಗದ ಎಲ್ಲಿ ಎಂದು ಕೇಳುತ್ತಿದ್ದ. ಬ್ಲಿಯಕ್ಕ ಕೇಳಲಿಲ್ಲ. ಹೆಸರು ಬದಲಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಇದು ಬಯಲಾದದ್ದು ಏಪ್ರಿಲ್‌ನಲ್ಲಿ, ನನ್ನ ಕೋಣೆಯಲ್ಲಿ. ಓದು ನಡುವೆ ಬಿಟ್ಟವರಿಗೆ ಫೋನ್ ಮಾಡಿ ಯಾಕೆ ಬಿಟ್ಟಿರಿ, ಏನು ಕಷ್ಟ ಎಂದು ವಿಚಾರಿಸುವ ಕೆಲಸವನ್ನು ನಮ್ಮ ತಲೆಗೆ ಕಟ್ಟಿದ್ದರು. ಆ ಮಧ್ಯಾಹ್ನ ಚೋಂಗ್ ಫೆಂಗ್, ನನಗೆ ಗೊತ್ತಿದ್ದದ್ದು ಅವನ ಆ ಹೆಸರೊಂದೇ, ನನ್ನೆದುರು ಕೂತು ಹಬೆಯ ಒತ್ತಡದ ಲೆಕ್ಕ ಮಾಡುತ್ತಿದ್ದ. ಅವನು ಲೆಕ್ಕ ಮಾಡುತ್ತಿರುವಾಗ ಸುಮ್ಮನೆ ಕೂರುವುದೇಕೆಂದು ನಾನು ಪಟ್ಟಿ ತೆಗೆದು ಮುಂದಿನ ಹೆಸರಿಗೆ ಫೋನ್ ಹಚ್ಚಿದೆ. ಅವನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ಒಂದ್ನಿಮಿಷ ಅಕ್ಕ, ಯಾರೋ ಫೋನ್ ಮಾಡ್ತಿದಾರೆ," ಎಂದು ಅವನು ಎದ್ದು ಬಾಗಿಲ ಕಡೆ ಹೋದ.

"ಹಲೋ, ಫೆಂಗ್ ಮುವಾ ಅವರಾ?" ಅಂದೆ ನಾನು.

"ಹೌದು, ಯಾರು?"

"ಕಾಲೇಜಿಂದ. ನೀವು ಕಳೆದ ವರ್ಷ ಓದು ಬಿಟ್ಬಿಟ್ರಿ. ಏನಾದ್ರೂ ತೊಂದ್ರೆ ಇತ್ತಾ? ವಾಪಸ್ ಬರೋಕೆ ಮನಸ್ಸಿದೆಯಾ?"

"ನಾನು ಬಿಟ್ಟಿಲ್ಲ ಮೇಡಂ. ಕಾಲೇಜಲ್ಲೇ ಇದೀನಿ."

"ಎಲ್ಲಿದೀರಿ? ನಿಮ್ಮ ಹೆಸರು ಎಲ್ಲೂ ಇಲ್ಲ."

"ಯೇರ್ ಅಕ್ಕನ ಕೋಣೇಲಿ."

ನಾನು ತಲೆಯೆತ್ತಿದೆ. ಅವನೂ ತಿರುಗಿದ. ಇಬ್ಬರೂ ಫೋನನ್ನು ಕಿವಿಯಲ್ಲಿಟ್ಟುಕೊಂಡೇ ಒಬ್ಬರನ್ನೊಬ್ಬರು ನೋಡಿದೆವು. ಮೊದಲು ನಗು ಬಂತು. ಆಮೇಲೆ ಕಂಪ್ಯೂಟರ್ ನೋಡಿದೆ, ನಗು ಹೋಯಿತು. ಡಿಪ್ಲೊಮಾಕ್ಕೆ ಎರಡು ವರ್ಷ ಸೇರಿ ಅರವತ್ತನಾಲ್ಕು ಅಂಕ ಬೇಕು. ಓದು ಬಿಟ್ಟುಹೋದ ಫೆಂಗ್ ಮುವಾನ ಹತ್ತಿರ ಮೂವತ್ತೊಂದಿತ್ತು. ನನ್ನೆದುರು ನಿಂತ ಚೋಂಗ್ ಫೆಂಗ್ ಮುವಾನಿಗೆ ಮೇ ತಿಂಗಳಲ್ಲಿ ಮೂವತ್ತಮೂರಾಗುತ್ತಿತ್ತು. ಇಬ್ಬರಲ್ಲಿ ಒಬ್ಬನೂ ಪಾಸಾಗುವಂತಿರಲಿಲ್ಲ.

"ಅಂದ್ರೆ ನಾನು ಎರಡು ವರ್ಷ ಓದಿಲ್ವಾ?" ಅಂದ ಅವನು.

"ಓದಿದೀಯ."

"ಮತ್ತೆ ಯಾರು ಓದಿಲ್ಲ?"

ನಾನು ಎರಡೂ ದಾಖಲೆ ಅಚ್ಚು ಹಾಕಿಸಿಕೊಂಡು ಬ್ಲಿಯಕ್ಕನ ಕಿಟಕಿಗೆ ಓಡಿದೆ.

ದಾಖಲೆ ವಿಭಾಗದ ಮುಖ್ಯಸ್ಥೆ ಮಿಸೆಸ್ ಟ್ವೆಟನ್ ಕೆಟ್ಟ ಹೆಂಗಸಲ್ಲ. ಬೈದರೆ ತಿರುಗಿ ಬೈಯಬಹುದು, ಆಕೆ ಬೈಯುವುದೇ ಇಲ್ಲ, ಅದೇ ಕಷ್ಟ. ಬ್ಲಿಯಕ್ಕನನ್ನೂ ನನ್ನನ್ನೂ ಕೂರಿಸಿ ಕಾಫಿ ಕೊಟ್ಟು ಎರಡೂ ದಾಖಲೆಗಳನ್ನು ಪಕ್ಕ ಪಕ್ಕ ಇಟ್ಟುಕೊಂಡು ನೋಡಿದರು.

"ಇವರಿಬ್ರೂ ಒಬ್ಬನೇ ಅಂತೀಯಾ ಬ್ಲಿಯಾ?"

"ಒಬ್ಬನೇ."

"ಹಾಗಾದ್ರೆ ಯಾವುದು ಅವನ ನಿಜವಾದ ಹೆಸರು?"

"ಎರಡೂ."

"ಈಗಿನದು?"

"ಯಾರು ಕರೀತಾರೆ ಅನ್ನೋದರ ಮೇಲೆ."

ಮಿಸೆಸ್ ಟ್ವೆಟನ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಒಂದು ಮಾಡೋಣ ಅಂದ್ರೆ ಕೋರ್ಟ್ ಕಾಗದ ಬೇಕು. ಕೋರ್ಟಿಗೆ ಎರಡು ತಿಂಗಳಾಗುತ್ತೆ. ಪದವಿ ಪಟ್ಟಿ ಈ ಶುಕ್ರವಾರ ಮಧ್ಯಾಹ್ನ ಮುಚ್ಚುತ್ತೆ. ಈ ನಿಯಮ ಮಾಡಿಸಿದ್ದು ನೀನೇ ಅಲ್ವಾ?"

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದೆಂದರೆ ಇದೇ.

ಆಮೇಲೆ ಮಿಸೆಸ್ ಟ್ವೆಟನ್ ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಸಿಬ್ಬಂದಿಯಿಂದಾದ ತಪ್ಪನ್ನು ತಿದ್ದುವ ಪತ್ರ. ತಪ್ಪು ವಿದ್ಯಾರ್ಥಿಯದಲ್ಲ, ಗುಮಾಸ್ತೆಯದು ಎಂದಾದರೆ ಕೋರ್ಟಿನ ಕಾಗದ ಬೇಕಿಲ್ಲ. 'ಈ ಕೆಳಗಿನ ಹೆಸರು ತಪ್ಪಾಗಿ ದಾಖಲಾಗಿದೆ' ಎಂಬ ಸಾಲಿನ ಮುಂದೆ ಚೋಂಗ್ ಫೆಂಗ್ ಮುವಾ ಎಂದು ಬರೆದು ಬ್ಲಿಯಕ್ಕ ಸಹಿ ಹಾಕಿದರೆ ಅವನ ಅಂಕಗಳೆಲ್ಲ ಫೆಂಗ್ ಮುವಾನಿಗೆ ಸೇರುತ್ತವೆ. ಅವಳ ಕಡತಕ್ಕೆ ಒಂದು ಎಚ್ಚರಿಕೆಯ ಪತ್ರ ಹೋಗುತ್ತದೆ.

"ಇಷ್ಟೇನಾ? ಹಾಕಿಬಿಡಕ್ಕ," ಅಂದೆ ನಾನು, ಮುಕ್ಕಾಲು ಭಾಷೆಯ ಮುಠ್ಠಾಳಿ.

ಅವಳು ನನ್ನನ್ನು ನೋಡಿದ ನೋಟ ಮರೆಯಲಾರೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಟೋಪಿಯೊಳಗೆ ಸಿಕ್ಕಿಸಿಕೊಂಡು ಎದ್ದು ಹೋದಳು.

ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದೆ. "ಎಚ್ಚರಿಕೆ ಪತ್ರಕ್ಕೆ ಹೆದರ್ತೀಯಾ?"

"ಎಚ್ಚರಿಕೆ ಪತ್ರಕ್ಕೆ ಬೆಂಕಿ ಬಿತ್ತು. ಏನು ಬರೀಬೇಕು ಅಂತ ಓದಿದ್ಯಾ? ತಪ್ಪು ಹೆಸರು ಅಂತ. ಅಣ್ಣ ಅಷ್ಟು ಜನರ ಮುಂದೆ ಎದ್ದು ನಿಂತು ಕೊಟ್ಟ ಹೆಸರು ತಪ್ಪು ಅಂತ ಅವನ ತಂಗಿ ಸಹಿ ಹಾಕಿ ಕೊಡಬೇಕು. ಅವನಿಗೆ ಈಗ ವಾರಕ್ಕೆ ಮೂರು ಸಲ ರಕ್ತ ತೊಳೀತಾರೆ. ಇನ್ನೆಷ್ಟು ದಿನವೋ. ಇದೊಂದನ್ನ ಕೈಗೆ ಕೊಟ್ಟು ಕಳಿಸಲಾ?"

"ಹಾಗಾದ್ರೆ ಹುಡುಗು ಹೆಸರೇ ತಪ್ಪು ಅಂತ ಬರಿ."

"ಅಳಿಯನ ಲೈಸೆನ್ಸು, ಶಾಲೆಯೋರ ಕೆಲಸದ ಅರ್ಜಿ, ಎಲ್ಲಾ ಹುಡುಗು ಹೆಸರಲ್ಲಿದೆ. ಬೇರೆ ಹೆಸರಿನ ಡಿಪ್ಲೊಮಾ ಹಿಡ್ಕೊಂಡು ಹೋದ್ರೆ ಯಾರದಪ್ಪ ಇದು ಅಂತಾರೆ."

ಅತ್ತ ದರಿ, ಇತ್ತ ಪುಲಿ. ಚೋಂಗ್ ಫೆಂಗ್‌ನನ್ನೇ ಕೇಳೋಣವೆಂದು ಕರೆಸಿದೆವು. ಅವನು ಹಾಳೆಯನ್ನು ಓದಿ, ಮಡಿಚಿ, ಎರಡೂ ಕೈಯಲ್ಲಿ ಅವಳಿಗೆ ವಾಪಸು ಕೊಟ್ಟ.

"ಬರೀಬೇಡಿ ಅತ್ತೆ. ಕೋಳಿ ಕೊಯ್ಯೋದು ನನಗೇನು ಹೊಸದಲ್ಲ."

ಹಾಗೆಂದು ಮರಗಟ್ಟಿದ ಬೆರಳುಗಳನ್ನು ಜೇಬಿಗೆ ತುರುಕಿಕೊಂಡ. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದೋ ತಿಳಿಯದೆ ಪೆನ್ಸಿಲ್ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದೆ.

ಮೂರು ದಿನ ಬ್ಲಿಯಕ್ಕ ಮಾಡಿದ್ದೆಲ್ಲ ತಪ್ಪು. ಸೊಮಾಲಿ ಹೆಂಗಸಿನ ಅರ್ಜಿಯಲ್ಲಿ ಬರ್ಮಾದವನ ವಿಳಾಸ ಬರೆದಳು. ಅನ್ನದ ಡಬ್ಬಿಯನ್ನು ಮೇಲಿನ ಡ್ರಾಯರಿನಲ್ಲಿಟ್ಟಳು. ಟೋಪಿ ತೆಗೆದು ಹಾಳೆ ನೋಡುವುದು, ಮತ್ತೆ ಸಿಕ್ಕಿಸಿಕೊಳ್ಳುವುದು. ಕಿಟಕಿಗೆ ಬಂದವರು, "ಅಕ್ಕಂಗೆ ಏನಾಗಿದೆ?" ಎಂದು ನನ್ನನ್ನು ಕೇಳತೊಡಗಿದರು. ನಾನು ಏನೆಂದು ಹೇಳುವುದು? ಅವಳದ್ದು ಮೂಢನಂಬಿಕೆ ಎಂದು ಒಂದು ಗಂಟೆ ಅನ್ನಿಸುತ್ತಿತ್ತು, ಅವಳೊಬ್ಬಳಿಗೇ ಮರ್ಯಾದೆ ಗೊತ್ತಿರುವುದು ಎಂದು ಮುಂದಿನ ಗಂಟೆ.

ಗುರುವಾರ ಸಂಜೆ ಅವಳೇ ನನ್ನ ಕೋಣೆಗೆ ಬಂದಳು. "ಕಾರ್ ತೆಗಿ. ಅಣ್ಣನ ಮನೆಗೆ."

ಅಣ್ಣ ವಾ ಸೆಂಗ್ ಮುದುಕರಿಗೆಂದು ಕಟ್ಟಿಸಿದ ಎತ್ತರದ ಕಟ್ಟಡದ ಆರನೇ ಮಹಡಿಯಲ್ಲಿದ್ದ. ಗಾಲಿಕುರ್ಚಿಯಲ್ಲಿ ಕೂತು ಟಿವಿಯಲ್ಲಿ ಕುಸ್ತಿ ನೋಡುತ್ತಿದ್ದ. ಬ್ಲಿಯಕ್ಕ ಸೊಪ್ಪು ಹಾಕಿ ಬೇಯಿಸಿದ ಕೋಳಿಸಾರು ತೆಗೆದಿಟ್ಟಳು. ಅಡಿಗೆಮನೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಯಾರು ಸತ್ರು?" ಅಂದ ಅಣ್ಣ, ಟಿವಿಯಿಂದ ಕಣ್ಣು ತೆಗೆಯದೆ.

"ಯಾರೂ ಇಲ್ಲ. ಸುಮ್ನೆ ಬಂದೆ."

"ಗುರುವಾರ ನೀನು ಸುಮ್ನೆ ಬಂದಿದ್ದು ನಾನು ನೋಡೇ ಇಲ್ಲ. ಆ ಕೆಂಪು ಚಡ್ಡಿಯೋನು ಗೆಲ್ತಾನೆ ನೋಡು, ಮೋಸ ಮಾಡ್ತಾನೆ, ಆದ್ರೂ ಗೆಲ್ತಾನೆ."

ಅವಳು ಬಾಯಿ ತೆರೆಯುವ ಲಕ್ಷಣ ಕಾಣಲಿಲ್ಲ. ಕೊನೆಗೆ ನಾನೇ ಎಲ್ಲವನ್ನೂ ಒದರಿಬಿಟ್ಟೆ. ಎರಡು ಹೆಸರು, ಎರಡು ದಾಖಲೆ, ನಾಳೆ ಮಧ್ಯಾಹ್ನ, ಟೋಪಿಯೊಳಗಿನ ಹಾಳೆ. ನನ್ನ ಹರಕು ಭಾಷೆಯಲ್ಲಿ ಏನು ಕೇಳಿಸಿತೋ ಏನೋ, ಅವನು ಟಿವಿ ಆರಿಸು ಎಂದು ಕೈ ಮಾಡಿದ. ಬ್ಲಿಯಕ್ಕ ಒದ್ದೆ ಬಟ್ಟೆ ಹಿಡಿದುಕೊಂಡೇ ನಿಂತಿದ್ದಳು.

"ಬ್ಲಿಯಾ," ಅಂದ. "ಅವರ ಕಾಗದದಲ್ಲಿ ನೀನು ನನಗೆ ಏನಾಗಬೇಕು?"

ಅವಳ ಮುಖ ಬಿಳಿಚಿತು. "ಅಣ್ಣಾ, ಬೇಡ. ಇವಳು ಇದಾಳೆ."

"ಇದ್ರೆ ಇರ್ಲಿ. ಇವಳೇನು ಪೊಲೀಸಾ? ಹೇಳು, ಏನಾಗಬೇಕು?"

ಅವನೇ ನನಗೆ ಹೇಳಿದ. ಮೂವತ್ತಮೂರು ವರ್ಷದ ಹಿಂದೆ, ಥಾಯ್ಲೆಂಡಿನ ಕ್ಯಾಂಪಿನಲ್ಲಿ, ಅಪ್ಪ ಅಮ್ಮ ಇಬ್ಬರೂ ತಪ್ಪಿಸಿಕೊಂಡು ಬರುತ್ತ ಗಡಿಯ ನದಿ ದಾಟುವಾಗ ತೀರಿಹೋದ ಮೇಲೆ, ಅವನ ಪಾಲಿಗೆ ಉಳಿದದ್ದು ಹೆಂಡತಿ ಮತ್ತು ಹದಿನಾರರ ಈ ತಂಗಿ. ಅಧಿಕಾರಿ ಹೆಂಡತಿ ಮಕ್ಕಳ ಹೆಸರು ಮಾತ್ರ ಒಂದು ಹಾಳೆಯಲ್ಲಿ ಬರೆಯುತ್ತೇನೆ ಎಂದ. ತಂಗಿಯಾದರೆ ಬೇರೆ ಹಾಳೆ, ಯಾವ ದೇಶಕ್ಕೆ ಕಳಿಸುತ್ತಾರೋ ದೇವರೇ ಬಲ್ಲ. ವಾ ಸೆಂಗ್ ಒಂದು ಉಸಿರೆಳೆದುಕೊಂಡು, ಇವಳು ನನ್ನ ಮಗಳು, ಹದಿಮೂರು ವರ್ಷ ಎಂದುಬಿಟ್ಟ.

"ಅವತ್ತಿಂದ ಅವರ ಕಾಗದದಲ್ಲಿ ಇವಳು ನನ್ನ ಮಗಳು," ಎಂದು ತಂಗಿಯ ಕಡೆ ತಿರುಗಿದ. "ಮೂವತ್ತಮೂರು ವರ್ಷದಲ್ಲಿ ಒಂದು ದಿನ ಆದ್ರೂ ನನ್ನನ್ನ ಅಪ್ಪ ಅಂತ ಕರೆದಿದ್ದೀಯಾ?"

"ಯಾಕೆ ಕರೀಲಿ? ನೀನು ಅಣ್ಣ."

"ಮತ್ತೆ? ಕಾಗದ ಹೇಳಿದ್ದಕ್ಕೆ ನೀನು ಮಗಳಾಗ್ಲಿಲ್ಲ. ಕಾಗದ ತಪ್ಪು ಅಂದ್ರೆ ಅವನ ಹೆಸರು ಹೋಗ್ಬಿಡುತ್ತಾ? ಬರ್ಕೊಡು. ನನ್ನ ಮೊಮ್ಮಕ್ಕಳ ಅಪ್ಪ ಕೋಳಿ ಕೊಯ್ದಿದ್ದು ಸಾಕು."

ಆಗ ನನಗೆ ಪೆನ್ನು ಹುಡುಕುವುದು, ನೀರು ಕುಡಿಯಲು ಏಳುವುದು ಎಲ್ಲ ಅರ್ಥವಾಯಿತು. ಪ್ರತಿ ಸಹಿಯಲ್ಲೂ ಅವಳು ತನ್ನಣ್ಣನ ಮಗಳೆಂದು ಸುಳ್ಳು ಹೇಳಬೇಕಾಗುತ್ತಿತ್ತು. ಯಾರೋ ಒಂದು ದಿನ ಹಾಳೆ ತಿರುವಿ ನೋಡಿ ಎದ್ದು ಹೋಗು ಎನ್ನುತ್ತಾರೆಂದು ಹೆದರಿಕೊಂಡೇ ಇಡೀ ಊರಿನ ಅರ್ಜಿ ತುಂಬಿದ್ದಳು. ಹನ್ನೊಂದು ವರ್ಷ ಎದುರಿಗೇ ಕೂತ ನಾನು ಅವಳನ್ನು ಸೋಮಾರಿ ಎಂದು ರೇಗಿಸಿದ್ದೆ. ನನಗೆ ತುಂಬ ನಾಚಿಕೆಯಾಯಿತು.

ಹೊರಡುವಾಗ ಬಾಗಿಲ ಹತ್ತಿರ ಅಣ್ಣ ಮತ್ತೆ ಕರೆದ. ಈ ಸಲ ದನಿ ಬೇರೆಯಾಗಿತ್ತು.

"ಬರ್ಕೊಡು. ಆದ್ರೆ ಆ ಹಾಳೆ ನನಗೆ ತೋರಿಸ್ಬೇಡ."

ಅಲ್ಲಿಗೆ ನನಗೆ ಅರ್ಥವಾಗಿದ್ದದ್ದೂ ಕಲಸಿಹೋಯಿತು. ನೋವಾಗುವುದಾದರೆ ಬರಿ ಎಂದದ್ದೇಕೆ? ನೋವಿಲ್ಲದಿದ್ದರೆ ತೋರಿಸಬೇಡ ಎಂದದ್ದೇಕೆ? ಕಾರಿನಲ್ಲಿ ಬ್ಲಿಯಕ್ಕನನ್ನು ಕೇಳಿದರೆ, "ರಸ್ತೆ ನೋಡು," ಅಂದಳು.

ಶುಕ್ರವಾರ ಹನ್ನೊಂದೂ ಮುಕ್ಕಾಲಿಗೆ ಅವಳು ಹಾಳೆಯನ್ನು ಮಿಸೆಸ್ ಟ್ವೆಟನ್ ಮೇಜಿನ ಮೇಲೆ ಬಿಡಿಸಿಟ್ಟಳು. ಮಡಿಕೆಗಳಲ್ಲಿ ಬೆವರಿನ ಕಲೆಯಿತ್ತು. ತಪ್ಪಾದ ಹೆಸರು ಬರೆದಾಯಿತು. ಮುಂದಿನ ಸಾಲು, ತಪ್ಪಿಗೆ ಕಾರಣ. ಎದುರಿಗೆ ಎರಡು ಚೌಕ. ಬೆರಳಚ್ಚಿನ ತಪ್ಪು, ಓದಿಕೊಂಡದ್ದರಲ್ಲಿ ತಪ್ಪು.

"ಮರ್ಯಾದೆ ಅನ್ನೋದಕ್ಕೆ ಚೌಕ ಇಲ್ವಾ?" ಅಂದಳು ಬ್ಲಿಯಕ್ಕ. ತಮಾಷೆಗಲ್ಲ, ನಿಜವಾಗಿಯೇ ಹುಡುಕುತ್ತಿದ್ದಳು.

ಮಿಸೆಸ್ ಟ್ವೆಟನ್ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಇಲ್ಲ ಬ್ಲಿಯಾ. ಕ್ಷಮಿಸು."

ಅವಳು ಬೆರಳಚ್ಚಿನ ತಪ್ಪು ಎಂಬ ಚೌಕಕ್ಕೆ ಗುರುತು ಹಾಕಿದಳು. ಆಮೇಲೆ ಪೆನ್ನು ಹುಡುಕದೆ, ನೀರು ಕುಡಿಯಲು ಏಳದೆ ಸಹಿ ಹಾಕಿದಳು. ಸೋಮವಾರ ಎಚ್ಚರಿಕೆಯ ಪತ್ರ ಬಂತು. ಅದನ್ನು ಗೊಜ್ಜಿನ ಶೀಶೆಯ ಕೆಳಗೆ ಹಾಸಿದಳು.

ಮೇ ತಿಂಗಳ ಪದವಿ ದಿನ ಪಾಸಾದವನಿಗೆ ಆರು ಟಿಕೆಟ್. ಹೆಂಡತಿ, ನಾಲ್ಕು ಮಕ್ಕಳು, ತಾಯಿ, ಅಲ್ಲಿಗೆ ಮುಗಿಯಿತು. ಮಾವನಿಗೆ ಜಾಗವಿಲ್ಲ. ಬಾಗಿಲಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಹೆಂಗಸು ಗಾಲಿಕುರ್ಚಿಗೆ ಕೈ ಅಡ್ಡ ಇಟ್ಟಳು. ಬ್ಲಿಯಕ್ಕ ಹಬ್ಬದ ರುಮಾಲು ಸುತ್ತಿಕೊಂಡು, ಬೆಳ್ಳಿ ಕಾಸಿನ ನಡುಪಟ್ಟಿ ಗಲಗಲ ಎನ್ನಿಸುತ್ತ ಕುರ್ಚಿಯ ಹಿಂದೆ ನಿಂತಿದ್ದಳು.

"ಸಿಬ್ಬಂದಿ ತಮ್ಮ ತಂದೆ ತಾಯೀನ ಮಾತ್ರ ಕರ್ಕೊಂಡು ಹೋಗಬಹುದು," ಅಂದಳು ಬಾಗಿಲಿನವಳು. "ಇವರು ನಿಮಗೆ ಏನಾಗಬೇಕು?"

ಬ್ಲಿಯಕ್ಕ ನನ್ನ ಕಡೆ ನೋಡಿದಳು. ಅಣ್ಣನ ನೆತ್ತಿಯನ್ನು ನೋಡಿದಳು. ಹಿಂದೆ ಸಾಲು ಬೆಳೆಯುತ್ತಿತ್ತು.

"ನಮ್ಮಪ್ಪ," ಅಂದಳು.

ವಾ ಸೆಂಗ್‌ನ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾನೆಂದುಕೊಂಡೆ. ಇಲ್ಲ, ಮುದುಕ ನಗುತ್ತಿದ್ದ. ಕೆಮ್ಮು ಬರುವವರೆಗೆ ನಕ್ಕ. ಬಾಗಿಲಿನವಳು ಸಿಬ್ಬಂದಿಯ ಪಟ್ಟಿಯಲ್ಲಿ ನೋಡಿ, ಹೌದು, ತಂದೆ ವಾ ಸೆಂಗ್ ವಾಂಗ್ ಎಂದೇ ಇದೆ ಎಂದು ಒಳಗೆ ಬಿಟ್ಟಳು.

ಹೆಸರು ಕೂಗುವವರು ಚರಿತ್ರೆಯ ಮೇಡಂ. ಅಚ್ಚಾದ ಪಟ್ಟಿ ನೋಡಿ ಓದುತ್ತಿದ್ದರು. ನಮ್ಮ ಸಾಲಿನವರೆಲ್ಲ ಉಸಿರು ಬಿಗಿ ಹಿಡಿದಿದ್ದೆವು. "ಫೆಂಗ್ ಮುವಾ," ಎಂದು ಕೇಳಿಸಿತು.

ನಮ್ಮ ಸಾಲಿನಲ್ಲಿ ಚಪ್ಪಾಳೆ ಬೀಳಲಿಲ್ಲ. ಹೊಸ ಹೆಸರು ಕೊಟ್ಟ ಮಾವನ ಎದುರಿಗೆ ಆ ಹೆಸರಿಗೆ ಹೇಗೆ ಕೈ ತಟ್ಟುತ್ತಾರೆ? ಅವನು ಮೆಟ್ಟಿಲು ಹತ್ತಿ, ವೇದಿಕೆಯ ಅಂಚಿನಲ್ಲಿ ನಿಂತುಬಿಟ್ಟ. ಕಪ್ಪು ಗೌನಿನೊಳಗೆ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಮಾವನ ಕಡೆಯೇ ನೋಡುತ್ತಿದ್ದ. ಪ್ರಿನ್ಸಿಪಾಲರು ಚಾಚಿದ ಕೈ ಹಾಗೇ ಇತ್ತು.

ವಾ ಸೆಂಗ್ ಕುರ್ಚಿಯ ಎರಡೂ ತೋಳು ಹಿಡಿದು ಅರ್ಧ ಎದ್ದ. ಹೆಸರಿಟ್ಟ ದಿನ ಹೇಗೆ ಕೂಗಿದ್ದನೋ ಹಾಗೇ ಕೂಗಿದ.

"ಚೋಂಗ್ ಫೆಂಗ್!"

ದನಿ ಅಷ್ಟು ದೂರ ಹೋಗಲಿಲ್ಲ. ಆಗ ಕಿಟಕಿಯಾಚೆ ಹತ್ತೊಂಬತ್ತು ವರ್ಷ ಮೆಲ್ಲಗೆ ಮಾತಾಡಿದ್ದ ಬ್ಲಿಯಕ್ಕ ಎದ್ದು ನಿಂತು ಇಡೀ ಸಭಾಂಗಣಕ್ಕೆ ಕೇಳುವಂತೆ ಕೂಗಿದಳು. "ಚೋಂಗ್ ಫೆಂಗ್ ಮುವಾ!"

ಚರಿತ್ರೆಯ ಮೇಡಂ ಗಾಬರಿಯಾದರು. ಯಾರದೋ ಹೆಸರು ಬಿಟ್ಟೆನೆಂದುಕೊಂಡು ಪಟ್ಟಿಯಲ್ಲಿ ಬೆರಳಾಡಿಸಿದರು, ಸಿಗಲಿಲ್ಲ. "ಕ್ಷಮಿಸಿ," ಎಂದು ಮೈಕಿನಲ್ಲೇ ಹೇಳಿ, ಕೇಳಿಸಿದ್ದನ್ನೇ ಒಂದೊಂದೇ ಅಕ್ಷರ ತಡವಿಕೊಂಡು ಕೂಗಿದರು. "ಚೋಂಗ್ ಫೆಂಗ್ ಮುವಾ." ಕೂಗಿ, ಮೆಟ್ಟಿಲ ಕಡೆ ತಿರುಗಿ ಎರಡನೆಯವನು ಬರಲೆಂದು ಕಾದರು. ಯಾರೂ ಬರಲಿಲ್ಲ. ಬರಬೇಕಾದವನು ಆಗಲೇ ಅಲ್ಲಿ ನಿಂತಿದ್ದ. ನಮ್ಮ ಸಾಲು ಎದ್ದು ನಿಂತು ಕೈ ತಟ್ಟಿತು, ಸೊಮಾಲಿಯವರೂ ಬರ್ಮಾದವರೂ ಏನೆಂದು ತಿಳಿಯದೆಯೇ ತಟ್ಟಿದರು. ಅವನು ಎರಡೂ ಕೈಯಲ್ಲಿ ಪ್ರಿನ್ಸಿಪಾಲರ ಕೈ ಹಿಡಿದುಕೊಂಡ. ನಾನು ಗೊಳೋ ಎಂದು ಅತ್ತೆ.

ಆಚೆ ಬಂದಾಗ ಮಳೆ ಹನಿಯುತ್ತಿತ್ತು. ಕಾರು ನಿಲ್ಲಿಸಿದ ಜಾಗ ದೂರ. ಬ್ಲಿಯಕ್ಕ ರುಮಾಲು ಬಿಚ್ಚಿ ಅಣ್ಣನ ತಲೆಗೆ ಹೊದಿಸಿ, ಏದುಸಿರು ಬಿಡುತ್ತ ಕುರ್ಚಿ ತಳ್ಳುತ್ತಿದ್ದಳು. ನಾನು ಹಿಂದೆ ಬರುತ್ತಿದ್ದೆ.

"ಸ್ವಲ್ಪ ಜೋರಾಗಿ ತಳ್ಳು ಮಗಳೇ," ಅಂದ ವಾ ಸೆಂಗ್.

"ಬಾಯಿ ಮುಚ್ಕೊಂಡು ಕೂತ್ಕೊ ಅಣ್ಣ," ಅಂದಳು ಬ್ಲಿಯಕ್ಕ.